ಬಿಡಿ ಅನ್ನಬೇಡಿ, ಹೀಗೆ ಮಾಡಿ ಅನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ಅಕ್ಕಂದಿರು, ನರ್ಸಿಂಗ್ ಓದುತ್ತಿರುವ ಮಕ್ಕಳು, ಇವತ್ತಿನ ಮಾತು ಮುಖ್ಯವಾಗಿ ನಿಮಗೆ. ವಿಷಯ ಮಾತ್ರ ದೂರದ್ದು. ಅಮೆರಿಕದಲ್ಲಿರುವ ಲ್ಯಾಟಿನೋ ಜನರಿಗೆ ಆರೋಗ್ಯದ ಮಾತು ಹೇಗೆ ಮುಟ್ಟುತ್ತದೆ, ಯಾವಾಗ ಮುಟ್ಟುವುದಿಲ್ಲ ಅನ್ನುವುದು. ಮೆಕ್ಸಿಕೋ, ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಪೋರ್ಟೊ ರಿಕೊ, ಹೀಗೆ ಬೇರೆ ಬೇರೆ ಕಡೆಯ ಮೂಲದವರು ಇವರು. 2020ರ ಅಮೆರಿಕದ ಜನಗಣತಿಯಲ್ಲಿ ಇವರ ಸಂಖ್ಯೆ 6 ಕೋಟಿ 21 ಲಕ್ಷ. ನಮ್ಮ 2011ರ ಗಣತಿಯಲ್ಲಿ ಇಡೀ ಕರ್ನಾಟಕದ್ದು 6 ಕೋಟಿ 11 ಲಕ್ಷ. ಅಂದರೆ ಒಂದು ಕರ್ನಾಟಕದಷ್ಟು ಜನ ಆ ದೇಶದೊಳಗಿದ್ದಾರೆ. ಹೊಲ, ಹಣ್ಣಿನ ತೋಟ, ಹೋಟೆಲಿನ ಅಡುಗೆಮನೆ, ಕಟ್ಟಡ ಕೆಲಸ, ಎಲ್ಲ ಕಡೆ ದುಡಿಯುವವರಲ್ಲಿ ಇವರು ಬಹಳ ಜನ ಇದ್ದಾರೆ.

ಇಂಥ ಜನರಿಗೆ ಆರೋಗ್ಯ ಇಲಾಖೆಗಳು ಬಹಳ ಕಾಲ ಮಾಡಿದ್ದು ಒಂದೇ ಕೆಲಸ. ಇಂಗ್ಲಿಷ್ ಕರಪತ್ರವನ್ನು ಸ್ಪ್ಯಾನಿಷ್‌ಗೆ ಅನುವಾದ ಮಾಡಿಸಿ ಹಂಚಿದವು. ಕರಪತ್ರದಲ್ಲಿ ಏನಿರುತ್ತದೆ? ಇದನ್ನು ತಿನ್ನಬೇಡಿ, ಅದನ್ನು ಕುಡಿಯಬೇಡಿ, ಇದು ಅಪಾಯ. ಭಾಷೆ ಬದಲಾಯಿತು, ಬೈಗುಳ ಹಾಗೇ ಉಳಿಯಿತು. ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ಬಿಡಿ ಅನ್ನಬೇಡಿ, ಹೀಗೆ ಮಾಡಿ ಅನ್ನಿ. ಅದನ್ನೂ ಅವರ ಮನೆಯವರೇ ಅನ್ನಿಸಿಕೊಂಡವರ ಬಾಯಲ್ಲಿ ಹೇಳಿಸಿ.

ಇದಕ್ಕೆ ಯಾಕಿಮಾಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆ ಸೇಬಿನ ತೋಟಗಳ ನಾಡು. ತೋಟಗಳಲ್ಲಿ ದುಡಿಯುವವರು ಬಹುಪಾಲು ಮೆಕ್ಸಿಕೋ ಮೂಲದ ಕುಟುಂಬಗಳು. 1997ರಲ್ಲಿ ಅಲ್ಲಿ ಸಾಲ್ಮೊನೆಲ್ಲಾ ಕಾಯಿಲೆ ಹಬ್ಬಿತು. ಭೇದಿ, ಜ್ವರ, ಹೊಟ್ಟೆನೋವು. ಹಾಸಿಗೆ ಹಿಡಿದವರಲ್ಲಿ ಚಿಕ್ಕ ಮಕ್ಕಳೇ ಹೆಚ್ಚು. ಅದು ಸಾಮಾನ್ಯ ಸಾಲ್ಮೊನೆಲ್ಲಾ ಕೂಡ ಅಲ್ಲ, ಡಿಟಿ 104 ಅನ್ನುವ ತಳಿ. ಆಂಪಿಸಿಲಿನ್, ಟೆಟ್ರಾಸೈಕ್ಲಿನ್ ಸೇರಿದಂತೆ ಐದು ಬಗೆಯ ಆಂಟಿಬಯೋಟಿಕ್‌ಗಳಿಗೆ ಬಗ್ಗದ ತಳಿ. ಮೂಲ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಕೇಸೋ ಫ್ರೆಸ್ಕೋ, ಮೆಕ್ಸಿಕೋದವರು ದಿನಾ ತಿನ್ನುವ ಬಿಳಿಯ ತಾಜಾ ಚೀಸ್. ಹತ್ತಿರದ ಡೈರಿಯಿಂದ ಹಸಿ ಹಾಲು ತಂದು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು.

ನೀವು ಕೇಳಬಹುದು: ಇದು ನಮ್ಮ ಪನೀರಿನ ಹಾಗೇ ತಾನೇ, ನಮಗೇನೂ ಆಗುವುದಿಲ್ಲವಲ್ಲ? ನೋಡಲು ಹಾಗೇ ಇರುತ್ತದೆ, ಮಾಡುವ ಕ್ರಮ ಬೇರೆ. ಪನೀರಿಗೆ ನಾವು ಹಾಲನ್ನು ಉಕ್ಕುವವರೆಗೆ ಕಾಯಿಸಿ ನಿಂಬೆರಸ ಹಿಂಡಿ ಒಡೆಸುತ್ತೇವೆ. ಕಾಯಿಸಿದಾಗಲೇ ರೋಗಾಣು ಸತ್ತುಹೋಗುತ್ತದೆ. ಕೇಸೋ ಫ್ರೆಸ್ಕೋಗೆ ಹಾಲನ್ನು ಉಗುರುಬೆಚ್ಚಗೆ ಮಾಡಿ, ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ರೆನೆಟ್ ಅಂದರೆ ಕರುವಿನ ಹೊಟ್ಟೆಯಲ್ಲಿರುವ ಹಾಲು ಹೆಪ್ಪುಗಟ್ಟಿಸುವ ಕಿಣ್ವ. ಅಂಗಡಿಯಲ್ಲಿ ಮಾತ್ರೆ ರೂಪದಲ್ಲೂ ಸಿಗುತ್ತದೆ. ಹಾಲು ಒಮ್ಮೆಯೂ ಕುದಿಯುವುದಿಲ್ಲ. ಹಸಿ ಹಾಲಿನಲ್ಲಿದ್ದ ರೋಗಾಣುವಿಗೆ ಆ ಬೆಚ್ಚನೆಯ ಪಾತ್ರೆ ಹೇಳಿಮಾಡಿಸಿದ ಜಾಗ.

ಈಗ ಅಧಿಕಾರಿಯ ಜಾಗದಲ್ಲಿ ನೀವು ನಿಂತು ನೋಡಿ. ಮೊದಲು ಹೊಳೆಯುವುದು ಏನು? ಮನೆಯಲ್ಲಿ ಚೀಸ್ ಮಾಡಬೇಡಿ ಅಂತ ಒಂದು ಬೋರ್ಡ್. ಯಾರು ಬಿಡುತ್ತಾರೆ? ಅಜ್ಜಿಯ ಕಾಲದಿಂದ ಮಾಡಿಕೊಂಡು ಬಂದದ್ದು. ಹಸಿ ಹಾಲಿನ ರುಚಿಯೇ ಬೇರೆ ಅನ್ನುವ ನಂಬಿಕೆ ಗಟ್ಟಿ. ಅದರಲ್ಲಿ ನಿಜವೂ ಇದೆ: ಹಸಿ ಹಾಲಿನ ಗಡ್ಡೆ ಬಿಗಿಯಾಗಿ ಕೂರುತ್ತದೆ. ಅಂಗಡಿಯ ಹಾಲಿನಲ್ಲಿ ಸಡಿಲ. ಹೆಂಗಸರು ಒಮ್ಮೆ ಅಂಗಡಿ ಹಾಲಿನಲ್ಲಿ ಮಾಡಿ ನೋಡಿ, ಕೆಟ್ಟಿತು ಅಂತ ಮತ್ತೆ ಹಸಿ ಹಾಲಿಗೇ ಮರಳಿದರೆ ಅವರನ್ನು ಮೊಂಡರು ಅನ್ನಲಾದೀತೇ?

ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಮತ್ತು ಅವರ ಜೊತೆ ಕೈಜೋಡಿಸಿದ ಇಲಾಖೆಗಳು ಜಾಣತನ ತೋರಿಸಿದ್ದು ಇಲ್ಲೇ. ಅವರು ಮೊದಲು ಪಾಠ ಮಾಡಲಿಲ್ಲ, ಚೀಸ್ ಮಾಡಿದರು. ಪಾಶ್ಚರೀಕರಿಸಿದ, ಅಂದರೆ ರೋಗಾಣು ಸಾಯುವಷ್ಟು ಕಾಯಿಸಿದ ಹಾಲಿನಲ್ಲೇ, ಆ ಜನ ಒಪ್ಪುವ ರುಚಿ, ಒಪ್ಪುವ ಹದ ಬರುವ ವಿಧಾನವನ್ನು ಹುಡುಕಿದರು. ಆಮೇಲೆ ಕಲಿಸಲು ಡಾಕ್ಟರನ್ನು ಕಳಿಸಲಿಲ್ಲ. ಸಮುದಾಯದ ಹಿರಿಯ ಹೆಂಗಸರನ್ನು ಕರೆದರು. ಸ್ಪ್ಯಾನಿಷ್‌ನಲ್ಲಿ ಅಜ್ಜಿಗೆ ಅಬುವೆಲಾ ಅನ್ನುತ್ತಾರೆ. ಯೋಜನೆಯ ಹೆಸರೇ ಅಬುವೆಲಾ ಪ್ರಾಜೆಕ್ಟ್. ಹದಿನೈದು ಅಬುವೆಲಾಗಳಿಗೆ ತರಬೇತಿ. ಪ್ರತಿಯೊಬ್ಬರೂ ಕಡಿಮೆಯೆಂದರೆ ಇನ್ನೂ 15 ಜನರಿಗೆ ಕಲಿಸುತ್ತೇನೆಂದು ಬರೆದುಕೊಟ್ಟು ಸಹಿ ಹಾಕಿದರು. ಸಹಿ ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ. ಬರೆದುಕೊಟ್ಟ ಮಾತಿಗೆ ತೂಕವಿದೆ. 225ಕ್ಕೂ ಹೆಚ್ಚು ಜನ ಆ ಕಾರ್ಯಾಗಾರಗಳಿಗೆ ಬಂದರು. ಆರು ತಿಂಗಳಾದರೂ ಕಲಿತದ್ದನ್ನು ಬಿಟ್ಟಿರಲಿಲ್ಲ, ಯಾಕಿಮಾದಲ್ಲಿ ಆ ಕಾಯಿಲೆಯೂ ಇಳಿಯಿತು.

ಇಂಥ ತರಗತಿಯಲ್ಲಿ ಕೈಯಲ್ಲಿ ಮಾಡಿ ತೋರಿಸಬೇಕಾದದ್ದು ಏನೇನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜೀವ ಇರುವುದು ಇದರಲ್ಲೇ. ಹಾಲು ಪಾಶ್ಚರೀಕರಿಸಿದ್ದಾಗಿರಬೇಕು. ಆದರೆ ತಿಂಗಳುಗಟ್ಟಲೆ ಇಡಬಹುದಾದ ಪೆಟ್ಟಿಗೆ ಹಾಲು ಬೇಡ. ಅದನ್ನು ಅತಿಯಾಗಿ ಕಾಯಿಸಿರುತ್ತಾರೆ, ರೆನೆಟ್ ಹಾಕಿದರೂ ಗಡ್ಡೆ ಕೂರುವುದಿಲ್ಲ. ಇರುವುದು ಹಸಿ ಹಾಲೇ ಅಂತಾದರೆ, ನೀರಿನ ಪಾತ್ರೆಯೊಳಗೆ ಹಾಲಿನ ಪಾತ್ರೆ ಇಟ್ಟು, ತಿರುವುತ್ತಾ, 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರಾ 30 ನಿಮಿಷ ಹಿಡಿದಿಡಬೇಕು. ಕಣ್ಣಂದಾಜು ಸಾಲದು, ಥರ್ಮಾಮೀಟರ್ ಬೇಕು. ಆಮೇಲೆ ಬೇಗ ತಣಿಸಿ ಸುಮಾರು 32 ಡಿಗ್ರಿಗೆ ತರಬೇಕು. ರುಚಿಗೆ ಒಂದಿಷ್ಟು ಹುಳಿಮಜ್ಜಿಗೆ. ಹಸಿ ಹಾಲಿನ ಚೀಸಿನಲ್ಲಿ ಅವರಿಗೆ ಬೇಕಾಗಿದ್ದ ಆ ಸಣ್ಣ ಹುಳಿ ಇದರಿಂದ ಬರುತ್ತದೆ. ರೆನೆಟ್ ಮಾತ್ರೆಯನ್ನು ತಣ್ಣೀರಿನಲ್ಲೇ ಕರಗಿಸಬೇಕು. ಬಿಸಿನೀರು ಹಾಕಿದರೆ ಕಿಣ್ವ ಸತ್ತಿತು, ಕ್ಲೋರಿನ್ ಹೆಚ್ಚಿರುವ ನಲ್ಲಿ ನೀರಾದರೆ ಅರ್ಧ ಸತ್ತಿತು. ಹಾಕಿ ಕಲಸಿದ ಮೇಲೆ ಮುಟ್ಟದೆ ಬಿಡಬೇಕು. ಚಾಕು ಇಳಿಸಿ ಎತ್ತಿದಾಗ ಸೀಳು ನೀಟಾಗಿ ಬಿಟ್ಟುಕೊಂಡರೆ ಹದ ಬಂತು. ಕತ್ತರಿಸಿ, ಬಟ್ಟೆಯಲ್ಲಿ ಸೋಸಿ, ಉಪ್ಪು ಹಾಕಿ, ಫ್ರಿಜ್ಜಿನಲ್ಲಿ 4 ಡಿಗ್ರಿಗಿಂತ ಕೆಳಗೆ.

ತಪ್ಪಾಗುವುದು ಎಲ್ಲಿ ಗೊತ್ತೇ? ಹಾಲನ್ನು ಶ್ರದ್ಧೆಯಿಂದ ಕಾಯಿಸಿ, ಹಸಿ ಹಾಲು ಸೋಸಿದ ಅದೇ ಬಟ್ಟೆಯಲ್ಲಿ ಚೀಸ್ ಹಿಂಡುವಲ್ಲಿ. ಅರ್ಧ ಗಂಟೆಯ ಕೆಲಸ ಒಂದು ಬಟ್ಟೆಯಿಂದ ನೀರುಪಾಲು. ಇದನ್ನು ಕರಪತ್ರದಲ್ಲಿ ಓದಿ ಕಲಿಯಲಾಗದು. ಪಕ್ಕದಲ್ಲಿ ನಿಂತ ಅಜ್ಜಿ ಬಟ್ಟೆ ಕಿತ್ತುಕೊಂಡು ಕುದಿಯುವ ನೀರಿಗೆ ಹಾಕಿದಾಗ ಕಲಿಯುತ್ತಾರೆ.

ಅಂಗಡಿಯ ಚೀಸ್ ತಿಂದರಾಯಿತಲ್ಲ ಅನ್ನುವವರಿಗೂ ಒಂದು ಮಾತು. 1985ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಕಾರ್ಖಾನೆಯ ಚೀಸಿನಿಂದಲೇ ಲಿಸ್ಟೀರಿಯಾ ಅನ್ನುವ ರೋಗಾಣು ಹಬ್ಬಿ, 142 ಜನರಿಗೆ ತಗುಲಿ, 48 ಸಾವುಗಳಾದವು. ಅದರಲ್ಲಿ 30 ಹುಟ್ಟದ ಕೂಸುಗಳು, ಹಸುಗೂಸುಗಳು. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಅದಕ್ಕೇ ಗರ್ಭಿಣಿಯರು ಈ ಚೀಸನ್ನು, ಪಾಶ್ಚರೀಕರಿಸಿದ ಹಾಲಿನದಾದರೂ, ಹಾಗೇ ತಿನ್ನಬಾರದು ಅನ್ನುತ್ತಾರೆ ಅಲ್ಲಿನ ತಜ್ಞರು. ಇದನ್ನು ಹೇಗೆ ಹೇಳುತ್ತೀರಿ? ಒಂಬತ್ತು ತಿಂಗಳು ಚೀಸ್ ಮುಟ್ಟಬೇಡ ಅಂದರೆ ಕೇಳುವವರಾರು? ಎಂಚಿಲಾಡ ಅನ್ನುವ ಅವರ ರೊಟ್ಟಿ ಸುರುಳಿಯೊಳಗೆ ಹಾಕಿ, ಹಬೆ ಬರುವ ತನಕ, 74 ಡಿಗ್ರಿ ಮುಟ್ಟುವ ತನಕ ಬಿಸಿ ಮಾಡಿ ತಿನ್ನಮ್ಮ ಅನ್ನಿ. ಬಿಡಿ ಅನ್ನಬೇಡಿ, ಹೀಗೆ ಮಾಡಿ ಅನ್ನಿ.

ಚೀಸಿನ ವಿಷಯಕ್ಕೇ ಬಹಳ ಹೊತ್ತು ಹೋಯಿತು. ಉಳಿದದ್ದನ್ನು ಚುರುಕಾಗಿ ಹೇಳುತ್ತೇನೆ.

ಮಗುವಿಗೆ ಹೊಟ್ಟೆ ಕಟ್ಟಿಕೊಂಡರೆ, ತಿಂದದ್ದು ಕರುಳಿಗೆ ಅಂಟಿಕೊಂಡಿದೆ ಅನ್ನುವುದು ಆ ಜನರ ನಂಬಿಕೆ. ಅದಕ್ಕೆ ಎಂಪಾಚೋ ಅನ್ನುತ್ತಾರೆ. ಕೆಲವು ಮನೆಗಳಲ್ಲಿ ಅದಕ್ಕೆ ಅಜಾರ್ಕೋನ್ ಅನ್ನುವ ಕಿತ್ತಳೆ ಬಣ್ಣದ ಪುಡಿ, ಇಲ್ಲವೇ ಗ್ರೇಟಾ ಅನ್ನುವ ಹಳದಿ ಪುಡಿ ಕೊಡುತ್ತಾರೆ. ಎರಡೂ ಹೆಚ್ಚೂಕಡಿಮೆ ಬರೀ ಸೀಸ. ಸೀಸ ಮೈಗೇರಿದರೆ ಬರುವುದು ಅದೇ ಹೊಟ್ಟೆನೋವು, ಅದೇ ಮಲಬದ್ಧತೆ. ತಾಯಿ ಹೆದರಿ ಇನ್ನೊಂದು ಚಿಟಿಕೆ ಕೊಡುತ್ತಾಳೆ. ಇಲ್ಲಿ ಎಲ್ಲವೂ ಪ್ರಶ್ನೆಯ ಮೇಲೆ ನಿಂತಿದೆ. ಮಗುವಿಗೆ ಸೀಸವಿರುವ ಔಷಧಿ ಕೊಟ್ಟಿದ್ದೀರಾ ಅಂತ ಕೇಳಿದರೆ ಯಾವ ತಾಯಿಯೂ ಹೂಂ ಅನ್ನಲಾರಳು. ಎಂಪಾಚೋ ಆದಾಗ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಅಂತ ಕೇಳಿದರೆ ಡಬ್ಬಿಯನ್ನೇ ತಂದು ತೋರಿಸುತ್ತಾಳೆ. ಹೊಟ್ಟೆ ನೀವುವುದು ನಡೆಯಲಿ, ಡಬ್ಬಿ ನನಗೆ ಕೊಡಿ, ಮಗುವಿನ ರಕ್ತ ಪರೀಕ್ಷೆಗೆ ನಾಳೆಯೇ ಹೋಗೋಣ. ಇಷ್ಟೇ ಮಾತು, ಇದೇ ಕ್ರಮದಲ್ಲಿ.

ಹೀಗೆ ಕೇಳುವವರನ್ನು ಅಲ್ಲಿ ಪ್ರೊಮೊಟೋರಾ ಅನ್ನುತ್ತಾರೆ. ಕೆಲಸ ನಮ್ಮ ಆಶಾ ಕಾರ್ಯಕರ್ತೆಯರದ್ದೇ ರೀತಿ: ಅದೇ ಬೀದಿಯ ಹೆಣ್ಣುಮಗಳು, ತರಬೇತಿ ಪಡೆದವಳು. ಆರಿಸುವಾಗ ಸರ್ಟಿಫಿಕೇಟ್ ನೋಡುವುದಕ್ಕಿಂತ, ಕಷ್ಟ ಬಂದಾಗ ಬೀದಿಯವರು ಯಾರ ಬಾಗಿಲು ತಟ್ಟುತ್ತಾರೆ ಅಂತ ವಿಚಾರಿಸಿ. ಸಂಬಳ ಮಾತ್ರ ಸರಿಯಾಗಿ ಕೊಡಿ. ಪುಕ್ಕಟೆ ದುಡಿಸಿ ಸಮುದಾಯದ ಸೇವೆ ಅನ್ನುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಭಾಷೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಲ್ಯಾಟಿನೋಗಳೆಲ್ಲ ಸ್ಪ್ಯಾನಿಷ್ ಆಡುವವರು ಅಂದುಕೊಳ್ಳುತ್ತಾರೆ. ಮೆಕ್ಸಿಕೋದ ಒಹಾಕಾದಿಂದ ಬಂದ ಕೂಲಿಯವರಲ್ಲಿ ಮನೆಮಾತು ಮಿಶ್ಟೆಕೋ ಆಗಿರುವವರು ತುಂಬಾ ಇದ್ದಾರೆ, ಗ್ವಾಟೆಮಾಲಾದವರಲ್ಲಿ ಮಾಮ್, ಕಿಚೆ. ಓದುವ ರೂಢಿ ಕಡಿಮೆ ಇರುವ ಇಂಥ ಭಾಷೆಗಳಿಗೆ ಕರಪತ್ರಕ್ಕಿಂತ ರೇಡಿಯೋ ಮೇಲು. ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ 1980ರಿಂದ ಪ್ರಸಾರ ಮಾಡುತ್ತಿರುವ ರೇಡಿಯೋ ಬಿಲಿಂಗ್ವೆಯನ್ನು ಕಟ್ಟಿದ ಹ್ಯೂಗೋ ಮೊರಾಲೆಸ್ ಮಿಶ್ಟೆಕೋ ಕುಟುಂಬದವರೇ. ಹೊಲದಲ್ಲಿ ಕೆಲಸ ಮಾಡುವವರ ಕಿವಿಗೆ ಏನು ಬೀಳುತ್ತದೆ ಅಂತ ಬಲ್ಲವರು.

ಹಾಗೇ, ಮಾಡಲು ಸಾಧ್ಯವಿಲ್ಲದ ಸಲಹೆ ಕೊಡಬೇಡಿ. ಏಪ್ರಿಲ್ 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ವಿಶ್ವವಿದ್ಯಾಲಯದ ವೈದ್ಯರೂ ಲ್ಯಾಟಿನೋ ಟಾಸ್ಕ್ ಫೋರ್ಸ್ ಅನ್ನುವ ಸ್ಥಳೀಯ ಕೂಟವೂ ಸೇರಿ ಕೋವಿಡ್ ಪರೀಕ್ಷೆ ಮಾಡಿದರು. ಸೋಂಕು ಕಂಡವರಲ್ಲಿ 100ಕ್ಕೆ 95 ಜನ ಲ್ಯಾಟಿನೋಗಳು. 90 ಜನಕ್ಕೆ ಮನೆಯಲ್ಲಿ ಕೂತು ಕೆಲಸ ಮಾಡುವ ಅನುಕೂಲ ಇರಲಿಲ್ಲ. ಇವರಿಗೆ ಮನೆಯಲ್ಲೇ ಇರಿ ಅಂದರೆ ಒಲೆ ಉರಿಯುವುದು ಹೇಗೆ? ಆ ನಗರ ಎರಡು ವಾರದ ಕನಿಷ್ಠ ಕೂಲಿಯನ್ನು ಕೈಗೆ ಕೊಡುವ ಏರ್ಪಾಡು ಮಾಡಿತು. ಪರೀಕ್ಷೆಯ ಮೇಜನ್ನು ಜನ ಓಡಾಡುವ ರೈಲು ನಿಲ್ದಾಣದ ಬಾಗಿಲಿಗೇ ತಂದಿಟ್ಟರು. ಮುಂಗಡ ಬುಕಿಂಗ್ ಬೇಕಿರಲಿಲ್ಲ. ವಲಸೆಯ ಕಾಗದ ಕೇಳುತ್ತಾರೆಂಬ ಭಯ ಇದ್ದಲ್ಲಿಗೆ ಯಾರೂ ಬರುವುದಿಲ್ಲ.

ಕೊನೆಯದು ಮೆಕ್ಕೆಜೋಳದ ಹಿಟ್ಟು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು ಮಾಡುವ ಮಾಸಾ ಹಿಟ್ಟೇ ಅವರ ಟೊರ್ಟಿಯಾಕ್ಕೆ, ಅಂದರೆ ತೆಳು ರೊಟ್ಟಿಗೆ ಆಧಾರ. ಮಗುವಿನ ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳಲು ಫೋಲಿಕ್ ಆಮ್ಲ ಬೇಕು, ಅದೂ ಗರ್ಭ ನಿಂತ ಮೊದಲ 28 ದಿನಗಳೊಳಗೆ, ಎಷ್ಟೋ ಸಲ ತಾಯಿಗೆ ವಿಷಯ ಗೊತ್ತಾಗುವ ಮುಂಚೆ. ಅಮೆರಿಕ 1998ರಿಂದ ಬ್ರೆಡ್ಡಿನ ಹಿಟ್ಟಿಗೆ ಇದನ್ನು ಕಡ್ಡಾಯವಾಗಿ ಬೆರೆಸುತ್ತಿದೆ. ಬ್ರೆಡ್ ತಿನ್ನುವವರಿಗೆ ಸಿಕ್ಕಿತು, ಟೊರ್ಟಿಯಾ ತಿನ್ನುವವರಿಗೆ ಸಿಗಲಿಲ್ಲ. ಮಾಸಾಕ್ಕೆ ಬೆರೆಸಲು ಅನುಮತಿ ಬಂದದ್ದು 2016ರಲ್ಲಿ. ಅದೂ ಕಂಪನಿಗಳಿಗೆ ಇಷ್ಟವಿದ್ದರೆ ಮಾತ್ರ. ಆ ಸಮುದಾಯದಲ್ಲಿ ಇಂಥ ದೋಷದ ಕೂಸುಗಳು ಹೆಚ್ಚು ಹುಟ್ಟುತ್ತಿದ್ದರೂ ಇಷ್ಟು ವರ್ಷ ಕಾಯಿಸಿದ್ದನ್ನು ನೆನೆದರೆ ನನಗೆ ಸಿಟ್ಟೇ ಬರುತ್ತದೆ. 2024ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು: 2026ರ ಜನವರಿ 1ರಿಂದ ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಮಾಸಾ ಹಿಟ್ಟಿಗೆ 0.7 ಮಿಲಿಗ್ರಾಂ ಫೋಲಿಕ್ ಆಮ್ಲ. ಟೊರ್ಟಿಯಾ ಬಿಡಬೇಕಿಲ್ಲ, ಬ್ರೆಡ್ಡಿಗೆ ಬದಲಾಗಬೇಕಿಲ್ಲ. ಆ ಕಡೆ ಮಗಳು ಸೊಸೆ ಇರುವವರು, ಅವರು ಈ ಹಿಟ್ಟು ಕೊಳ್ಳುವುದಿದ್ದರೆ, ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿರುವ ಪದಾರ್ಥಗಳ ಪಟ್ಟಿಯಲ್ಲಿ ಫೋಲಿಕ್ ಆಸಿಡ್ ಇದೆಯಾ ಅಂತ ನೋಡಲು ಹೇಳಿ. ಮುಂಭಾಗದ ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ.

ನಮಸ್ಕಾರ.