ಕೌಂಟರ್ ಬೇಡ ಸ್ವಾಮಿ, ಆ ಕಿಂಡಿಯೇ ಪಬ್ಬು

ನಮಸ್ಕಾರ ಗೆಳೆಯರೇ. ಇವತ್ತು ಬೇರೇನೋ ಮಾತಾಡಬೇಕು ಅಂತ ಕೂತಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೋದ ವಾರದ ವಿಡಿಯೋದ ಕಾಮೆಂಟ್‌ಗಳನ್ನು ನೋಡಿದೆ. ಕಾಫಿ ಅಲ್ಲೇ ಆರಿಹೋಯಿತು. ವೇಲ್ಸ್‌ನ ಡಫ್ರಿನ್ ಆರ್ಮ್ಸ್ ಪಬ್ ತೋರಿಸಿದ್ದೆನಲ್ಲ, ಅದಕ್ಕೆ ಒಬ್ಬರು ಬರೆದಿದ್ದಾರೆ: "ಇದೇನ್ ಸಾರ್, ಹಳೇ ಬಸ್‌ಸ್ಟ್ಯಾಂಡಿನ ವೇಟಿಂಗ್ ರೂಮ್ ಇದ್ದಂಗಿದೆ. ಗೋಡೆ ಒಡೆದು ಒಂದು ಒಳ್ಳೇ ಕೌಂಟರ್ ಹಾಕಿದ್ರೆ ಚೆನ್ನಾಗಿರ್ತಿತ್ತು." ಅದಕ್ಕೆ 40 ಲೈಕ್ ಬೇರೆ!

ಕೌಂಟರ್ ಬೇಡ ಸ್ವಾಮಿ. ಆ ಕಿಂಡಿಯೇ ಪಬ್ಬು.

ವಿಡಿಯೋ ನೋಡದವರಿಗೆ ಹೇಳುತ್ತೇನೆ. ವೇಲ್ಸ್‌ನ ಪಶ್ಚಿಮ ತುದಿಯಲ್ಲಿ ಪೆಂಬ್ರೋಕ್‌ಷೈರ್ ಇದೆ. ಅಲ್ಲಿನ ಗ್ವೈನ್ ಕಣಿವೆಯಲ್ಲಿ ಪಾಂಟ್‌ವೈನ್ ಅನ್ನುವ ಪುಟ್ಟ ಊರು. ಊರು ಅಂದರೆ ನಾಲ್ಕಾರು ಮನೆ, ಮರ, ಹೊಳೆ. ಆ ಮನೆಗಳಲ್ಲೊಂದು ಡಫ್ರಿನ್ ಆರ್ಮ್ಸ್. ಬಾಗಿಲು ತಳ್ಳಿ ಒಳಗೆ ಹೋದರೆ ಒಂದೇ ಕೋಣೆ. ನೆಲಕ್ಕೆ ಕೆಂಪು ಕಪ್ಪು ಟೈಲ್ಸ್. ಗೋಡೆಗುಂಟ ಮರದ ಬೆಂಚು. ಗೋಡೆ ಮೇಲೆ ಎಲಿಜಬೆತ್ ರಾಣಿಯ ಹರೆಯದ ಚಿತ್ರ. ಬಾರ್ ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ. ಗೋಡೆಯಲ್ಲಿ ಒಂದು ಕಿಂಡಿ, ಅದಕ್ಕೊಂದು ಜಾರುಬಾಗಿಲು, ಅಷ್ಟೇ. ಪೀಪಾಯಿ ಅದರ ಆಚೆ. ಪೀಪಾಯಿಯ ನಲ್ಲಿಯಿಂದ ಬಿಯರ್ ಜಗ್ಗಿಗೆ, ಜಗ್ಗಿನಿಂದ ನಿಮ್ಮ ಗ್ಲಾಸಿಗೆ. ಬಿಯರ್ ಎಳೆಯಲು ಪಂಪ್ ಇಲ್ಲ, ತಳ್ಳಲು ಗ್ಯಾಸ್ ಇಲ್ಲ.

ಈ ಕಿಂಡಿ ಯಾಕೆ ಬಂತು ಗೊತ್ತಾ? 1830ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಬಿಯರ್‌ಹೌಸ್ ಕಾಯ್ದೆ ಬಂತು. ತೆರಿಗೆ ಕಟ್ಟುವ ಮನೆಯವರು ಯಾರೇ ಆಗಲಿ, 2 ಗಿನಿ (ಆಗಿನ ಬ್ರಿಟಿಷ್ ದುಡ್ಡು) ಕೊಟ್ಟು ಲೈಸೆನ್ಸ್ ಪಡೆದು ಮನೆಯಲ್ಲೇ ಬಿಯರ್ ಮಾರಬಹುದಿತ್ತು. ಜನ ತಮ್ಮ ಮುಂದಿನ ಕೋಣೆಯನ್ನೇ ಊರಿಗೆ ಬಿಟ್ಟುಕೊಟ್ಟರು. ಪೀಪಾಯಿ ಹಿಂದಿನ ಕೋಣೆಯಲ್ಲಿ ಉಳಿಯಿತು. ಪಬ್ ಅಂದರೆ ಪಬ್ಲಿಕ್ ಹೌಸ್. ಹೌಸ್! ಮನೆಯಲ್ಲಿ ಕೌಂಟರ್ ಇರುತ್ತಾ? ನಿಮ್ಮ ಅತ್ತೆ ಮನೆಗೆ ಹೋದಾಗ ಕೌಂಟರ್ ಹತ್ತಿರ ಕ್ಯೂ ನಿಂತು ಕಾಫಿ ಇಸಿದುಕೊಳ್ಳುತ್ತೀರಾ? ಉದ್ದನೆಯ ಕೌಂಟರ್ ಜೋರಾಗಿ ಹಬ್ಬಿದ್ದು ದೊಡ್ಡ ಊರುಗಳ ಜಿನ್ ಅಂಗಡಿಗಳಿಂದ, ಹಿಡಿಕೆ ಎಳೆದು ನೆಲಮಾಳಿಗೆಯ ಬಿಯರ್ ಮೇಲೆ ತರಿಸುವ ಪಂಪ್‌ಗಳಿಂದ. ಆ ಪಂಪ್‌ಗೆ ಜೋಸೆಫ್ ಬ್ರಾಮಾ 1797ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. ಆದರೂ ಈ ಮನೆಗೆ ಅದು ಬೇಕಾಗಲಿಲ್ಲ.

ನಾನು ಅಲ್ಲಿ ಕೂತಿದ್ದೇನೆ, ಅದಕ್ಕೇ ಇಷ್ಟು ಕೋಪ. ಬೆಂಚಿನ ಮೇಲೆ ಕೂತರೆ ಎದುರಿನವರ ಮೊಣಕಾಲು ಕಾಣುತ್ತದೆ, ಮುಖ ಕಾಣುತ್ತದೆ. ಕೌಂಟರ್ ಇರುವ ಕಡೆ ಎಲ್ಲರ ಬೆನ್ನು ಕಾಣುತ್ತದೆ. ನಾನು ಮೂಲೆಯಲ್ಲಿ ಸುಮ್ಮನೆ ಕೂತಿದ್ದೆ. ಕಿಂಡಿ ಸರಿಯಿತು. ಒಂದು ಕೈ, ಒಂದು ಜಗ್ಗು. ಎದುರು ಕೂತಿದ್ದ ರೈತರೊಬ್ಬರು ತಮ್ಮ ಗ್ಲಾಸ್ ಜೊತೆ ನನ್ನದನ್ನೂ ಎತ್ತಿಕೊಂಡು ಹೋಗಿ ತುಂಬಿಸಿ ತಂದರು. ಆಮೇಲೆ ಒಂದೂವರೆ ಗಂಟೆ ಕುರಿ, ಮಳೆ, ನಮ್ಮ ಕಡೆಯ ರಾಗಿ ಅಂತ ಮಾತು. ಕೌಂಟರ್ ಇದ್ದಿದ್ದರೆ ನಾನು ಕಾರ್ಡ್ ಟ್ಯಾಪ್ ಮಾಡಿ, ಫೋನ್ ನೋಡುತ್ತಾ ಕೂತು, ಎದ್ದು ಬರುತ್ತಿದ್ದೆ. ಆ ಕಿಂಡಿಯೇ ಪಬ್ಬು ಅಂದಿದ್ದು ಇದಕ್ಕೇ.

ಇನ್ನೊಬ್ಬರು ಬುದ್ಧಿವಂತರು ಕೇಳಿದ್ದಾರೆ: "ಕಾರ್ಡಿಫ್‌ನ ಗೋಲ್ಡನ್ ಕ್ರಾಸ್‌ನಲ್ಲಿ ಕೌಂಟರ್ ಇದೆ, ಅದೂ ಹಳೇದೇ ಅಲ್ವಾ?" ಹೌದು ಅಣ್ಣಾ, ಇದೆ. ವೇಲ್ಸ್‌ನ ರಾಜಧಾನಿಯಲ್ಲಿರುವ ಪಬ್ ಅದು, 1900ರ ದಶಕದ ಆರಂಭದ ಕಟ್ಟಡ. ಇಂಗ್ಲೆಂಡಿನ ಜ್ಯಾಕ್‌ಫೀಲ್ಡ್‌ನ ಕ್ರೇವನ್ ಡನಿಲ್ ಕಂಪನಿಯ ಟೈಲ್ಸ್ ಹೊದಿಸಿದ ಕೌಂಟರ್, ಗೋಡೆಯಲ್ಲಿ ಟೈಲ್ಸ್‌ನಲ್ಲೇ ಬಿಡಿಸಿದ ಕಾರ್ಡಿಫ್ ಕೋಟೆ. ನೋಡಿದರೆ ಕಣ್ಣು ತಂಪಾಗುತ್ತದೆ. ಅದು ಪಟ್ಟಣದ ಪಬ್, ಅಲ್ಲಿಗೆ ಅದೇ ಸರಿ. ಅದನ್ನೂ ಒಡೆಯಬೇಡಿ ಅಂತಲೇ ನಾನು ಹೇಳುವುದು. ಮುಂದಿನ ವಾರ ಗೋಲ್ಡನ್ ಕ್ರಾಸ್ ಬಗ್ಗೆಯೇ ಪೂರ್ತಿ ಒಂದು ವಿಡಿಯೋ ಬರುತ್ತದೆ. ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಈಗಲೇ ಮಾಡಿ, ಬೆಲ್ ಒತ್ತಿ. ಮೆಂಬರ್ ಆದವರಿಗೆ ಎರಡು ದಿನ ಮೊದಲೇ ಸಿಗುತ್ತದೆ.

"ಈ ಕಾಲದಲ್ಲಿ ಹೀಗಿದ್ದರೆ ವ್ಯಾಪಾರ ಆಗುತ್ತಾ?" ಅಂತ ಮತ್ತೊಬ್ಬರು. ವ್ಯಾಪಾರ! ಡಫ್ರಿನ್ ಆರ್ಮ್ಸನ್ನು 1840ರ ದಶಕದಿಂದ ಒಂದೇ ಮನೆತನ ನಡೆಸಿದೆ. ಪಬ್ಬಿನ ಒಡತಿ ಬೆಸ್ಸಿ ಡೇವಿಸ್ 70 ವರ್ಷಕ್ಕೂ ಜಾಸ್ತಿ ಆ ಕಿಂಡಿಯಿಂದ ಬಿಯರ್ ಕೊಟ್ಟರು. 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಡಫ್ರಿನ್ ಆರ್ಮ್ಸ್ ಅನ್ನುವ ಹೆಸರನ್ನೇ ಬಿಟ್ಟು ಜನ ಅದನ್ನು 'ಬೆಸ್ಸೀಸ್' ಅಂತಲೇ ಕರೆಯುತ್ತಾರೆ. ಬ್ರಿಟನ್ನಿನಲ್ಲಿ ಹಳೆ ಪಬ್‌ಗಳ ಒಳಾಂಗಣಕ್ಕೆ ಸಾಂಪ್ರದಾಯಿಕ ಬಿಯರ್, ಪಬ್‌ಗಳ ಪರ ಕೆಲಸ ಮಾಡುವ ಕ್ಯಾಮ್ರಾ ಅನ್ನುವ ಸಂಘಟನೆ ಮಾಡಿದ ರಾಷ್ಟ್ರೀಯ ಪಟ್ಟಿಯಲ್ಲೂ ಇದಕ್ಕೆ ಜಾಗ ಇದೆ. ನಿಮ್ಮ ಬೀದಿಯಲ್ಲಿ ಲೈಟ್, ಗ್ಲಾಸು, ಗ್ರಾನೈಟ್ ಹಾಕಿಸಿದ ಯಾವ ಬಾರ್ 70 ವರ್ಷ ನಡೆದಿದೆ, ತೋರಿಸಿ ನೋಡೋಣ.

ಇದನ್ನೂ ಕೇಳಿ. ಬ್ರಿಟನ್ 1752ರಲ್ಲಿ ಹೊಸ ಕ್ಯಾಲೆಂಡರಿಗೆ ಬದಲಾಯಿತು. ಆದರೆ ಗ್ವೈನ್ ಕಣಿವೆಯವರು ಇವತ್ತಿಗೂ ಹಳೇ ಲೆಕ್ಕದ ಹೊಸ ವರ್ಷ ಆಚರಿಸುತ್ತಾರೆ, ಜನವರಿ 13ಕ್ಕೆ. 'ಹೆನ್ ಗಲಾನ್' ಅಂತ ಹೆಸರು. ಮಕ್ಕಳು ಮನೆಮನೆಗೆ ಹೋಗಿ ಹಾಡುತ್ತಾರೆ, ಮಿಠಾಯಿ, ಕಾಸು ಇಸಿದುಕೊಳ್ಳುತ್ತಾರೆ. ಕ್ಯಾಲೆಂಡರನ್ನೇ ಬಿಟ್ಟುಕೊಡದ ಜನ ಕಿಂಡಿ ಬಿಟ್ಟುಕೊಡಬೇಕಾ? ಯಾರಿಗೋಸ್ಕರ? ಫೋಟೋಗೋಸ್ಕರನಾ?

ಕೌಂಟರ್ ಬೇಡ. ಗೋಡೆ ಒಡೆಯಬೇಡಿ. ಬೆಂಚು ಕೀಳಬೇಡಿ. ಇಷ್ಟೇ ನನ್ನ ಮಾತು, ಇದನ್ನೇ ಹತ್ತು ಸಲ ಬೇಕಾದರೂ ಹೇಳುತ್ತೇನೆ. ಕೌಂಟರ್ ಬೇಕು ಅನ್ನುವವರಿಗೆ ಲೋಕದಲ್ಲಿ ಲಕ್ಷ ಕೌಂಟರ್ ಇವೆ, ಹೋಗಿ ಒರಗಿಕೊಳ್ಳಿ. ಇದೊಂದನ್ನು ಬಿಟ್ಟುಬಿಡಿ. ಒಂದು ಕಿಂಡಿ ಸ್ವಾಮಿ! ಅದರಿಂದ ನಿಮಗೇನು ತೊಂದರೆ?

ಆ ಕಾಮೆಂಟ್ ಹಾಕಿದವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ಹಳೇ ವಿಡಿಯೋದ ಲಿಂಕ್ ಕೆಳಗಿದೆ. ಇಯರ್‌ಫೋನ್ ಹಾಕಿಕೊಂಡು ಏಳನೇ ನಿಮಿಷಕ್ಕೆ ಹೋಗಿ. ಕಿಂಡಿ ಸರಿಯುವ ಸದ್ದು ಕೇಳುತ್ತದೆ, ಅದರ ಹಿಂದೆಯೇ ಜಗ್ಗಿನಿಂದ ಗ್ಲಾಸಿಗೆ ಸುರಿಯುವ ಸದ್ದು. ಅದನ್ನು ಕೇಳಿ ಬನ್ನಿ. ಆಮೇಲೆ ಮಾತಾಡೋಣ.