ಸಂಜೆ ಐದಕ್ಕೆ ಬಂದ ಆಳಿಗೂ ಪೂರ್ತಿ ಕೂಲಿ ಯಾಕೆ?

[ದೃಶ್ಯ: ಚಿಕ್ಕಬಳ್ಳಾಪುರದ ಹತ್ತಿರ ಒಂದು ದ್ರಾಕ್ಷಿ ಚಪ್ಪರ. ಬೆಳಗಿನ ಹೊತ್ತು.]

ನಮಸ್ಕಾರ. ಗೌರಿಬಿದನೂರಿನ ಅಕ್ಕ ಒಬ್ಬರು ಕೇಳಿದ್ದಾರೆ: "ಜೀವನಪೂರ್ತಿ ಕೆಟ್ಟದ್ದು ಮಾಡಿದವನು ಕೊನೇ ಗಳಿಗೆಯಲ್ಲಿ ಕೈಮುಗಿದರೆ ದೇವರು ಕ್ಷಮಿಸ್ತಾನೆ ಅಂತೀರಿ. ಹಾಗಾದರೆ ನ್ಯಾಯ ಎಲ್ಲಿ ಹೋಯ್ತು?" ಒಂದು ವಾರದಿಂದ ಈ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ.

ದೇವರು ಕರುಣಾಮಯಿ, ನ್ಯಾಯವಂತನೂ ಹೌದು. ಬೈಬಲ್ ಇದನ್ನು ಮತ್ತೆಮತ್ತೆ ಹೇಳುತ್ತದೆ. ಆ ಭಾಗ ನಿಮಗೆ ಗೊತ್ತು. ನಾನು ನೇರವಾಗಿ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯಕ್ಕೆ ಹೋಗುತ್ತೇನೆ. ಅಲ್ಲಿರುವುದು ಯೇಸು ಹೇಳಿದ ದ್ರಾಕ್ಷಿ ತೋಟದ ಕಥೆ. ಈ ಚಪ್ಪರದ ಕೆಳಗೆ ಬಂದು ನಿಂತಿದ್ದು ಅದಕ್ಕೇ.

ಯಜಮಾನ ಬೆಳಗಾಗುತ್ತಲೇ ಪೇಟೆಗೆ ಹೋಗಿ ಆಳು ಕರೆಯುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಗುತ್ತದೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಐದಕ್ಕೂ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಸಂಜೆ ಎಲ್ಲರಿಗೂ ಒಂದೇ ನಾಣ್ಯ.

ಐದು ಗಂಟೆಯವರೆಗೆ ಪೇಟೆಯಲ್ಲಿ ನಿಂತವನು ಯಾರು? ನಮ್ಮೂರ ಸರ್ಕಲ್‌ನಲ್ಲೇ ಬೆಳಗ್ಗೆ ನೋಡಿ. ಕೈಯಲ್ಲಿ ಬುತ್ತಿ ಹಿಡಿದು ಜನ ನಿಂತಿರುತ್ತಾರೆ. ಟೆಂಪೋ ಬಂದರೆ ಗಟ್ಟಿಮುಟ್ಟಾದವರು ಮೊದಲು ಹತ್ತುತ್ತಾರೆ. ವಯಸ್ಸಾದವರು, ಕೈಕಾಲು ಸೋತವರು ಉಳಿಯುತ್ತಾರೆ. ಹತ್ತು ಗಂಟೆಯಾದರೆ ಆ ಬುತ್ತಿ ಬಿಚ್ಚದೆ ಮನೆಗೆ ವಾಪಸ್. ಐದರವರೆಗೂ ನಿಂತವನು ಸೋಮಾರಿ ಅಲ್ಲ, ಅಲ್ವಾ? "ಯಾಕೆ ಸುಮ್ನೆ ನಿಂತಿದ್ದೀರಿ" ಅಂದರೆ ಕಥೆಯಲ್ಲಿ ಅವರು ಕೊಡುವ ಉತ್ತರವೂ ಅದೇ: ನಮ್ಮನ್ನು ಯಾರೂ ಕರೆಯಲಿಲ್ಲ.

ಆ ನಾಣ್ಯ ಒಂದು ಮನೆಯ ಒಂದು ದಿನದ ಊಟ. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಅಂತ ಯೆಹೂದ್ಯರಿಗೆ ಮೋಶೆಯ ಕಟ್ಟಳೆ ಇತ್ತು, ಬೈಬಲ್‌ನ ಧರ್ಮೋಪದೇಶಕಾಂಡ ಪುಸ್ತಕದ 24ನೇ ಅಧ್ಯಾಯದಲ್ಲಿ. ಒಂದು ಗಂಟೆಗೆ ಲೆಕ್ಕ ಹಾಕಿ ಹನ್ನೆರಡನೇ ಒಂದು ಪಾಲು ಕೊಟ್ಟರೆ, ಮನೆಯಲ್ಲಿ ಮಕ್ಕಳ ಹಸಿವೂ ಹನ್ನೆರಡನೇ ಒಂದು ಪಾಲಾಗುತ್ತದಾ?

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಒಂಬತ್ತು ಗಂಟೆಯವರಿಗೆ ಯಜಮಾನ ಕೂಲಿ ಇಷ್ಟು ಅಂತ ಹೇಳುವುದೇ ಇಲ್ಲ. "ನ್ಯಾಯವಾದದ್ದನ್ನು ಕೊಡುತ್ತೇನೆ" ಅನ್ನುತ್ತಾನೆ. ಅವನು ಆಡಿದ ಮಾತು ನ್ಯಾಯ. ಸಂಜೆ ಅವರ ಕೈಗೆ ಬಂದದ್ದು ನಾವು ಕರುಣೆ ಅನ್ನುವಂಥದ್ದು. ಅವನ ಲೆಕ್ಕದಲ್ಲಿ ಎರಡೂ ಒಂದೇ!

ಬೆಳಗಿನಿಂದ ಬಿಸಿಲಲ್ಲಿ ದುಡಿದವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಜಾಸ್ತಿ ಕೊಟ್ಟದ್ದು ಯಜಮಾನನ ಗಂಟಿನಿಂದ. ಕ್ರೈಸ್ತರು ಶಿಲುಬೆಯಲ್ಲಿ ನೋಡುವುದೂ ಇದನ್ನೇ: ಕ್ಷಮೆಯ ಖರ್ಚನ್ನು ದೇವರು ತಾನೇ ಹೊತ್ತ.

ಸಮಯ ಆಗುತ್ತಿದೆ, ಉಳಿದ ಎರಡು ಮಾತು ಬೇಗ ಹೇಳುತ್ತೇನೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ಕ್ಷಮೆ ಸಿಗುವ ಮೊದಲೇ "ನಮಗೆ ಆಗಿರುವ ಶಿಕ್ಷೆ ನ್ಯಾಯವೇ" ಅಂತ ಒಪ್ಪಿಕೊಂಡ. ಇನ್ನೊಬ್ಬ ಜಕ್ಕಾಯ, ಸುಂಕದವನು. ಅಕ್ಕ, ನೀವು ಕೇಳಿದ್ದಕ್ಕೆ ಇವನ ಕಥೆ ಹತ್ತಿರ. ಯೇಸು ಅವನ ಮನೆಗೆ ಬಂದದ್ದು ಮೊದಲು. ಆಮೇಲೆ ಅವನು ಎದ್ದು ನಿಂತು, ಯಾರಿಂದ ಮೋಸದಿಂದ ಕಿತ್ತುಕೊಂಡಿದ್ದೆನೋ ಅವರಿಗೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ.