ಡೌನ್ ಸಿಂಡ್ರೋಮ್: ಮಗುವಿನ ಜೊತೆಗೆ ಅಪ್ಪ ಅಮ್ಮನ ಮನಸ್ಸು

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಡೌನ್ ಸಿಂಡ್ರೋಮ್ ಇದೆ ಎಂದು ಗೊತ್ತಾದ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ 'ಯಾರಿಂದ ಹೀಗಾಯಿತು?' ಎಂಬುದು. ಬಸುರಿನಲ್ಲಿ ಪರಂಗಿಹಣ್ಣು ತಿಂದಳಂತೆ, ಗ್ರಹಣದ ಹೊತ್ತಿಗೆ ಹೊರಗೆ ಬಂದಳಂತೆ. ಮಾತೆಲ್ಲ ಬಾಣಂತಿಯ ಕಡೆಗೇ ತಿರುಗುತ್ತದೆ. ನಿಜ ಸಂಗತಿ ಬೇರೆ. ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳಾದ ಕ್ರೋಮೋಸೋಮ್‌ಗಳಲ್ಲಿ 21ನೆಯದು ಎರಡಿರುವ ಕಡೆ ಮೂರಿರುತ್ತದೆ. ಅದರಿಂದ ಮಗುವಿನ ಬೆಳವಣಿಗೆ, ಕಲಿಕೆ ನಿಧಾನ. ಇಂಥ ನೂರು ಮಕ್ಕಳಲ್ಲಿ ಸುಮಾರು 95 ಮಕ್ಕಳಿಗೆ ಇದು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಆಗುವ ಆಕಸ್ಮಿಕ. ತಾಯಿ ತಿಂದದ್ದಕ್ಕೂ ಓಡಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಮಾತನ್ನು ಗಂಡ ಹೇಳಿದರೆ ಮನೆಯವರು ನಂಬುವುದು ಕಷ್ಟ. ಅತ್ತೆ ಮಾವನನ್ನೂ ಕರೆದುಕೊಂಡು ಹೋಗಿ ವೈದ್ಯರ ಬಾಯಿಂದಲೇ ಕೇಳಿಸಿ. ಕ್ರೋಮೋಸೋಮ್ ಪರೀಕ್ಷೆಯ ವರದಿಯನ್ನು ಜೋಪಾನ ಮಾಡಿ. ಅದರಲ್ಲಿ 'ಟ್ರಾನ್ಸ್‌ಲೊಕೇಶನ್' (ಹೆಚ್ಚುವರಿ 21ನೇ ಕ್ರೋಮೋಸೋಮ್ ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುವುದು) ಎಂದಿದ್ದರೆ ಮುಂದಿನ ಬಸುರಿಗೆ ಮೊದಲು ಅಪ್ಪ ಅಮ್ಮನ ರಕ್ತವನ್ನೂ ಪರೀಕ್ಷಿಸಬೇಕು.

'ಈ ಮಗು ಹುಟ್ಟದೇ ಇದ್ದಿದ್ದರೆ' ಎಂಬ ಯೋಚನೆ ಮೊದಲ ವಾರಗಳಲ್ಲಿ ಎಷ್ಟೋ ಜನಕ್ಕೆ ಬರುತ್ತದೆ. ಬಂದ ಮಾತ್ರಕ್ಕೆ ನೀವು ಕೆಟ್ಟವರಲ್ಲ. ದುಃಖ ಒಮ್ಮೆ ಬಂದು ಮುಗಿಯುವಂಥದ್ದೂ ಅಲ್ಲ. ಪಕ್ಕದ ಮನೆಯ ಕೂಸು ವರ್ಷಕ್ಕೆ ಹೆಜ್ಜೆ ಇಟ್ಟಾಗ, ನಿಮ್ಮ ಮಗು ನಡೆಯಲು ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿದಾಗ, ಅದು ಮರಳಿ ಬರುತ್ತದೆ. ಶಾಲೆಗೆ ಸೇರಿಸುವಾಗ ಮತ್ತೊಮ್ಮೆ. ಬರುತ್ತದೆಂದು ಮೊದಲೇ ಗೊತ್ತಿದ್ದರೆ ಪೆಟ್ಟು ಹಗುರ. ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೊಮ್ಮೆ, ತಾರೀಖು ಹಾಕಿ, ಮಗು ಹೊಸದಾಗಿ ಕಲಿತದ್ದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಆಮೇಲೆ ಹೋಲಿಕೆ ಆರು ತಿಂಗಳ ಹಿಂದಿನ ಪುಟದ ಜೊತೆ ಮಾತ್ರ.

ಗಂಡ ಮಗುವಿನ ಹೃದಯದ ಎಕೋ ಪರೀಕ್ಷೆ, ರಿಪೋರ್ಟು, ಸಾಲ ಎಂದು ಓಡಾಡುತ್ತಾನೆ, ಅಳುವುದಿಲ್ಲ. ಅವನಿಗೆ ಮನಸ್ಸೇ ಇಲ್ಲ ಎಂದುಕೊಳ್ಳುತ್ತಾಳೆ ಹೆಂಡತಿ. ರಾತ್ರಿ ಹದಿನೈದು ನಿಮಿಷ ಇಬ್ಬರೂ ಕೂತು, ಚಿಕಿತ್ಸೆಯ ಮಾತೆತ್ತದೆ, ಆ ದಿನ ಹೇಗಿತ್ತೆಂದು ಹೇಳಿಕೊಳ್ಳಲಿ. ಇನ್ನು ಮಗುವಿಗೆ ಮಾಡಿಸಲು ಹೇಳಿದ ವ್ಯಾಯಾಮಗಳು: ದಿನವಿಡೀ ಪಾಠ ಮಾಡಹೊರಟ ತಾಯಿ ಬೇಗ ಸೋಲುತ್ತಾಳೆ. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗಲೇ ಅವನ್ನು ಸೇರಿಸಿಕೊಳ್ಳಿ. ಮಗು ಮಂಕಾದರೆ, ಕರೆದರೂ ತಿರುಗದಿದ್ದರೆ 'ನಾನೇ ಸರಿಯಾಗಿ ಕಲಿಸಲಿಲ್ಲ' ಎಂದು ಕೊರಗುವ ಮೊದಲು ಥೈರಾಯ್ಡ್ ಮತ್ತು ಕಿವಿ ಪರೀಕ್ಷೆ ಮಾಡಿಸಿ. ಈ ಮಕ್ಕಳಲ್ಲಿ ಎರಡೂ ತೊಂದರೆ ಸಾಮಾನ್ಯ. ಥೈರಾಯ್ಡ್ ಪರೀಕ್ಷೆ ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿವರ್ಷ ಬೇಕು.

ಎರಡು ವಾರ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸಾಯುವ ಯೋಚನೆ ಬಂದರಂತೂ ಆ ಕ್ಷಣವೇ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

'ನಾವು ಹೋದ ಮೇಲೆ ಯಾರು?' ಎಂಬ ಭಯಕ್ಕೆ ಸಮಾಧಾನದ ಮಾತು ಸಾಲದು, ಕಾಗದ ಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. 18 ತುಂಬಿದ ಮೇಲೆ ಕಾನೂನಿನ ಪೋಷಕತ್ವ ಬೇಕಾದರೆ ಇದೇ ಟ್ರಸ್ಟ್‌ನ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಆ ಭಾರವನ್ನು ಎಂಟು ವರ್ಷದ ಅಕ್ಕನ ತಲೆಗೆ 'ಮುಂದೆ ನೀನೇ ನೋಡಿಕೋಬೇಕು' ಎಂದು ಈಗಲೇ ಕಟ್ಟಬೇಡಿ.

ನಮಸ್ಕಾರ.